ಸಮತೋಲನದ ನರವೂ ಮಿದುಳಿನ ಕಾಂಡವೂ



ಬೆಳಗಿನ ಜಾವದಲ್ಲಿ ನಿಮ್ಮ ಮನೆಯ ಹಿರಿಯರೊಬ್ಬರು, ಅತ್ತೆಯವರೆಂದೇ ಇಟ್ಟುಕೊಳ್ಳಿ, ಹಾಸಿಗೆಯಲ್ಲಿ ಮಗ್ಗುಲು ಹೊರಳಿದೊಡನೆಯೇ ಮನೆಯ ತೊಲೆ ಜಂತೆಗಳೆಲ್ಲ ಗರಗರನೆ ಸುತ್ತಿದಂತಾಗಿ, ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದು ಕೂಗಿಕೊಳ್ಳುತ್ತಾರೆ. ಮನೆಮಂದಿಯೆಲ್ಲ ಓಡಿಬರುತ್ತಾರೆ. ಒಬ್ಬರು ಪಿತ್ತ ಕೆರಳಿದೆ ಎನ್ನುತ್ತಾರೆ; ಇನ್ನೊಬ್ಬರು ಬಿ.ಪಿ. ಏರಿದೆ ಎನ್ನುತ್ತಾರೆ, ಮತ್ತೊಬ್ಬರು ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ಹುಡುಕುತ್ತಾರೆ. ಕಿವಿಯ ಕಡೆಗೆ ಮಾತ್ರ ಯಾರ ಗಮನವೂ ಹರಿಯುವುದಿಲ್ಲ. ಕಿವಿ ಇರುವುದು ಕೇಳುವುದಕ್ಕೆ ಎಂದಷ್ಟೇ ನಾವೆಲ್ಲರೂ ತಿಳಿದಿರುವುದೇ ಇದಕ್ಕೆ ಕಾರಣ. ಮನುಷ್ಯನು ಎರಡು ಕಾಲಿನ ಮೇಲೆ ನೆಟ್ಟಗೆ ನಿಲ್ಲುವುದಕ್ಕೂ, ಗದ್ದೆಯ ಬದುವಿನ ಮೇಲೆ ಬೀಳದೆ ನಡೆಯುವುದಕ್ಕೂ ಬೇಕಾದ ಒಂದು ಇಂದ್ರಿಯವು ಆ ಕಿವಿಯ ಒಳಗೇ ಅಡಗಿದೆ. ಅಲ್ಲಿಂದ ಹೊರಟ ನರವು ಮಿದುಳಿನ ಕಾಂಡದಲ್ಲಿ ಯಾವ ಕೋಶಗಳೊಡನೆ ಕೂಡಿಕೊಳ್ಳುತ್ತದೆ, ಆ ಕೂಟದಿಂದ ಏನೇನು ಕಾರ್ಯ ನಡೆಯುತ್ತದೆ ಎಂಬುದನ್ನು ಅರಿತ ಕುಟುಂಬವು ಅನೇಕ ಅನಗತ್ಯ ಭಯಗಳಿಂದಲೂ ಕೆಲವು ನಿಜವಾದ ಅಪಾಯಗಳಿಂದಲೂ ಪಾರಾಗಬಹುದು.

ಮೊದಲಿಗೆ ಒಂದು ಭೇದವನ್ನು ತಿಳಿಯತಕ್ಕದ್ದು. ನಾವು ಆಡುಮಾತಿನಲ್ಲಿ ‘ತಲೆಸುತ್ತು’ ಎಂಬ ಒಂದೇ ಹೆಸರಿನಿಂದ ಕರೆಯುವುದು ಎರಡು ಬೇರೆ ಬೇರೆ ತೊಂದರೆಗಳನ್ನು. ಎದ್ದು ನಿಂತಾಗ ಕಣ್ಣು ಕತ್ತಲಿಟ್ಟು, ಕೈಕಾಲು ಸೋತು, ಈಗಲೋ ಆಗಲೋ ಬೀಳುವೆನೆಂಬಂತಾಗುವುದು ಒಂದು. ಇದು ಬಹುಮಟ್ಟಿಗೆ ರಕ್ತಹೀನತೆ, ಹಸಿವು, ರಕ್ತದೊತ್ತಡದ ಇಳಿತ ಮುಂತಾದವುಗಳಿಂದ ಬರುವಂಥದು. ಗರ್ಭಿಣಿಯರಲ್ಲಿ ಹೆಚ್ಚಾಗಿ ಕಾಣುವುದೂ ಇದೇ. ತಾನು ಸುಮ್ಮನಿದ್ದರೂ ಸುತ್ತಲಿನ ಗೋಡೆ, ಗಿಡ, ಮನುಷ್ಯರು ಎಲ್ಲವೂ ರಾಟೆಯಂತೆ ತಿರುಗಿ ವಾಂತಿ ಬರುವಂತಾಗುವುದು ಎರಡನೆಯದು. ಈ ಲೇಖನದ ವಿಷಯವು ಮುಖ್ಯವಾಗಿ ಈ ಎರಡನೆಯದೇ ಆಗಿದೆ.

ಕಿವಿಯ ಹಿಂದೆ ಕೈಯಿಟ್ಟು ನೋಡಿದರೆ ಗಟ್ಟಿಯಾದ ಒಂದು ಎಲುಬು ಸಿಗುತ್ತದೆಯಷ್ಟೆ. ಅದರ ಒಳಭಾಗದಲ್ಲಿ, ಬಹು ಭದ್ರವಾದ ಸ್ಥಳದಲ್ಲಿ, ಒಳಗಿವಿಯು ನೆಲೆಸಿದೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಭಾಗವು ಶಬ್ದವನ್ನು ಗ್ರಹಿಸುತ್ತದೆ. ಅದಕ್ಕೆ ತಗುಲಿಕೊಂಡೇ ಬಳೆಯ ತುಂಡುಗಳನ್ನು ಹೋಲುವ ಮೂರು ಬಾಗಿದ ನಾಳಗಳೂ ಎರಡು ಚಿಕ್ಕ ಚೀಲಗಳೂ ಇವೆ. ನಾಳಗಳು ಮೂರು ದಿಕ್ಕಿಗೆ ಮುಖಮಾಡಿಕೊಂಡಿರುವುದರಿಂದ ತಲೆಯು ಯಾವ ಕಡೆಗೆ ತಿರುಗಿದರೂ ಅವುಗಳಲ್ಲಿ ಒಂದಲ್ಲ ಒಂದು ಅದನ್ನು ಅರಿಯುತ್ತದೆ. ನಾಳದ ತುಂಬ ತಿಳಿಯಾದ ದ್ರವವಿದೆ. ನೀರು ತುಂಬಿದ ಬೋಗುಣಿಯನ್ನು ಥಟ್ಟನೆ ತಿರುಗಿಸಿ ನೋಡಿ. ಬೋಗುಣಿ ತಿರುಗಿದರೂ ಒಳಗಿನ ನೀರು ಕ್ಷಣಕಾಲ ಹಿಂದೆ ಉಳಿಯುತ್ತದೆ. ನಾಳದಲ್ಲಿಯೂ ಹಾಗೆಯೇ ಹಿಂದುಳಿದ ದ್ರವವು ಒಂದು ಮೆತ್ತನೆಯ ತೆರೆಯನ್ನು ಬಗ್ಗಿಸುತ್ತದೆ. ಅದರೊಳಗೆ ಹುದುಗಿರುವ ರೋಮಕೋಶಗಳ ಕೂದಲು ಬಾಗುತ್ತವೆ. ಚೀಲಗಳೊಳಗಿನ ರೋಮಕೋಶಗಳ ಮೇಲಾದರೋ ಸುಣ್ಣದ ಅತಿ ಸೂಕ್ಷ್ಮ ಹರಳುಗಳ ಹೊದಿಕೆಯಿದೆ. ತಲೆ ಓರೆಯಾದಾಗ ಈ ಹರಳುಗಳ ಭಾರ ಒಂದು ಕಡೆಗೆ ಜಾರುತ್ತದೆ. ಎತ್ತಿನ ಗಾಡಿ ಥಟ್ಟನೆ ಮುಂದಕ್ಕೆ ಹೊರಟಾಗಲೂ ಜಾರುತ್ತದೆ. ಮೇಲು ಯಾವುದು, ಕೆಳಗು ಯಾವುದು ಎಂಬುದು ಕಣ್ಣು ಮುಚ್ಚಿದ್ದಾಗಲೂ ನಮಗೆ ತಿಳಿಯುವುದರಲ್ಲಿ ಈ ಹರಳುಗಳ ಪಾಲು ದೊಡ್ಡದು.

ಈ ರೋಮಕೋಶಗಳ ಬುಡಕ್ಕೆ ಬಂದು ತಾಗುವುದೇ ಸಮತೋಲನದ ನರದ ತಂತುಗಳು. ಮನುಷ್ಯನ ಒಂದೊಂದು ಕಿವಿಯಿಂದಲೂ ಇಂತಹ ತಂತುಗಳು ಸುಮಾರು 20,000 ಹೊರಡುತ್ತವೆ. ಇವೆಲ್ಲ ಒಂದು ಹುರಿಯಾಗಿ, ಕೇಳುವ ನರದೊಡನೆ ಜೊತೆಗೂಡಿ, ಎಲುಬಿನ ಒಂದು ಕಿರಿದಾದ ಓಣಿಯನ್ನು ಹಾದು ಮಿದುಳಿನ ಕಡೆಗೆ ಸಾಗುತ್ತವೆ. ಇವುಗಳ ಒಂದು ವಿಶೇಷವನ್ನು ಇಲ್ಲಿ ಹೇಳಲೇಬೇಕು. ತಲೆ ಅಲುಗಾಡಿದಾಗ ಮಾತ್ರ ಇವು ಸುದ್ದಿ ಕಳುಹಿಸುತ್ತವೆಂದು ನೀವು ಭಾವಿಸಬಹುದು. ಹಾಗಲ್ಲ. ನೀವು ಅಲುಗದೆ ಮಲಗಿದ್ದಾಗಲೂ ಒಂದೊಂದು ತಂತುವೂ ಎಡೆಬಿಡದೆ ಮಿಡಿಯುತ್ತಲೇ ಇರುತ್ತದೆ. 1971ರಲ್ಲಿ ಅಮೆರಿಕದ ಗೋಲ್ಡ್‌ಬರ್ಗ್ ಮತ್ತು ಫರ್ನಾಂಡಿಸ್ ಎಂಬ ವಿಜ್ಞಾನಿಗಳು ಒಂದು ಜಾತಿಯ ಚಿಕ್ಕ ಮಂಗಗಳಲ್ಲಿ ಇದನ್ನು ಅಳೆದು, ಸುಮ್ಮನಿರುವಾಗಲೂ ಸೆಕೆಂಡಿಗೆ ಸರಾಸರಿ ಸುಮಾರು 90 ಮಿಡಿತಗಳಿರುವುದನ್ನು ಕಂಡರು. ತಲೆ ಬಲಕ್ಕೆ ತಿರುಗಿದರೆ ಬಲಗಿವಿಯ ಮಿಡಿತ ಏರುತ್ತದೆ, ಎಡಗಿವಿಯದು ಇಳಿಯುತ್ತದೆ. ಎಡಕ್ಕೆ ತಿರುಗಿದರೆ ಇದಕ್ಕೆ ವಿರುದ್ಧ. ಎರಡೂ ಕಡೆಯಿಂದ ಬರುವ ಮಿಡಿತಗಳ ಅಂತರವನ್ನು ನೋಡಿಯೇ ಮಿದುಳು ಚಲನೆಯನ್ನು ಅರಿಯುವುದು.

ಇನ್ನು ಮಿದುಳಿನ ಕಾಂಡ. ದೊಡ್ಡ ಮಿದುಳನ್ನು ಮರದ ಕೊಂಬೆಗಳಿಗೆ ಹೋಲಿಸಿದರೆ, ಅದನ್ನು ಬೆನ್ನುಹುರಿಗೆ ಜೋಡಿಸುವ ಬೊಡ್ಡೆಯೇ ಈ ಕಾಂಡ. ಹೆಬ್ಬೆರಳಿಗಿಂತ ಹೆಚ್ಚು ದಪ್ಪವೇನೂ ಇಲ್ಲ. ಆದರೆ ಉಸಿರಾಟ, ಹೃದಯದ ಬಡಿತ, ನುಂಗುವಿಕೆ ಎಲ್ಲಕ್ಕೂ ಇದೇ ಆಧಾರ. ಸಮತೋಲನದ ನರವು ಈ ಕಾಂಡವನ್ನು ಪಕ್ಕದಿಂದ ಪ್ರವೇಶಿಸುತ್ತದೆ. ಒಳಹೊಕ್ಕ ಕೂಡಲೇ ಹೆಚ್ಚಿನ ತಂತುಗಳು, ತೂಬಿನಿಂದ ಹೊರಬಂದ ಕಾಲುವೆಯಂತೆ, ಎರಡು ಕವಲಾಗುತ್ತವೆ. ಒಂದು ಕವಲು ಮೇಲಕ್ಕೂ ಮತ್ತೊಂದು ಕೆಳಕ್ಕೂ ಹರಿಯುತ್ತದೆ. ದಾರಿಯುದ್ದಕ್ಕೂ ಚಿಕ್ಕ ಚಿಕ್ಕ ಕವಲುಗಳು ಒಡೆದು ನರಕೋಶಗಳ ನಾಲ್ಕು ಗುಂಪುಗಳನ್ನು ತಲುಪುತ್ತವೆ. ಕೆಲವು ತಂತುಗಳಂತೂ ಎಲ್ಲಿಯೂ ನಿಲ್ಲದೆ ನೇರವಾಗಿ ಹಿಂಬದಿಯ ಕಿರುಮಿದುಳನ್ನೇ ಸೇರುತ್ತವೆ.

ತಂತುವಿನ ತುದಿಯು ಕೋಶವನ್ನು ಅಂಟಿಕೊಳ್ಳುವುದಿಲ್ಲ ಎಂಬುದನ್ನು ಗಮನಿಸಿ. ಎರಡರ ನಡುವೆ ಒಂದು ಸಂದಿಯಿದೆ. ಮಿಲಿಮೀಟರಿನ ಐವತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಕಿರಿದಾದ ಸಂದಿ. ಮಿಡಿತ ಬಂದು ತಲುಪಿದಾಗ ತಂತುವಿನ ತುದಿಯಿಂದ ಗ್ಲುಟಮೇಟ್ ಎಂಬ ರಾಸಾಯನಿಕವು ಸೂಸಿ, ಸಂದಿಯನ್ನು ದಾಟಿ, ಆಚೆಯ ಕೋಶವನ್ನು ಎಬ್ಬಿಸುತ್ತದೆ. ನಾಲ್ಕು ಗುಂಪುಗಳಲ್ಲಿರುವ ಎಲ್ಲ ಕೋಶಗಳಿಗೂ ಕಿವಿಯ ತಂತುಗಳು ತಲುಪುವುದಿಲ್ಲ. ಕೆಲವಕ್ಕೆ ಕಿರುಮಿದುಳಿನಿಂದಲೂ, ಕುತ್ತಿಗೆಯ ಮತ್ತು ಕಾಲಿನ ಸ್ನಾಯುಗಳಿಂದಲೂ, ಕಣ್ಣಿನಿಂದಲೂ ಸುದ್ದಿ ಬರುತ್ತದೆ. ಹೀಗೆ ಹಲವು ಕಡೆಯ ಸುದ್ದಿಯನ್ನು ಕೂಡಿಸಿ ನೋಡುವ ಪಂಚಾಯಿತಿಕಟ್ಟೆಯೆಂದೇ ಇದನ್ನು ಕರೆಯಬಹುದು. ಬಸ್ಸಿನಲ್ಲಿ ಕೆಲವರಿಗೆ ವಾಂತಿಯಾಗುವುದೇಕೆಂದು ಈಗ ಊಹಿಸಬಲ್ಲಿರಿ: ಕಿವಿಯು ಅಲುಗಾಟವನ್ನು ವರದಿಮಾಡುತ್ತದೆ, ಎದುರಿನ ಆಸನವನ್ನು ನೋಡುತ್ತಿರುವ ಕಣ್ಣು ಏನೂ ಅಲುಗುತ್ತಿಲ್ಲ ಎನ್ನುತ್ತದೆ. ಕಿಟಕಿಯಾಚೆ ದೂರವನ್ನು ನೋಡುತ್ತ ಕುಳಿತರೆ ಈ ಜಗಳ ಕಡಮೆಯಾಗುತ್ತದೆ.

ನಾಲ್ಕು ಗುಂಪುಗಳಲ್ಲಿ ಒಂದಕ್ಕೆ ಜರ್ಮನಿಯ ಒಟ್ಟೊ ಡೈಟರ್ಸ್ ಎಂಬ ವಿಜ್ಞಾನಿಯ ಹೆಸರಿದೆ. ಈತನು 1863ರಲ್ಲಿ, ತನ್ನ 29ನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಆತನ ಗ್ರಂಥವು ಪ್ರಕಟವಾದುದು 1865ರಲ್ಲಿ. ಈ ಗುಂಪಿನ ಕೋಶಗಳು ದೊಡ್ಡವು. ಇವುಗಳಿಂದ ಹೊರಟ ತಂತುಗಳು ಬೆನ್ನುಹುರಿಯಲ್ಲಿ ಕೆಳಗಿಳಿದು, ಕಾಲನ್ನು ನೆಟ್ಟಗೆ ನಿಲ್ಲಿಸುವ ಸ್ನಾಯುಗಳಿಗೆ ಅಪ್ಪಣೆ ಕೊಡುತ್ತವೆ. ಕೆಸರಿನಲ್ಲಿ ಕಾಲು ಜಾರಿದಾಗ ನೀವು ಯೋಚಿಸುವ ಮೊದಲೇ ಆ ಕಡೆಯ ಕಾಲು ಬಿಗಿಯಾಗಿ ಊರಿಕೊಳ್ಳುವುದರಲ್ಲಿ ಈ ಕೋಶಗಳ ಕೈವಾಡವಿದೆ.

ಉಳಿದ ಗುಂಪುಗಳಲ್ಲಿ ಕೆಲವು ಕಣ್ಣನ್ನು ಕಾಯುತ್ತವೆ. ಇದನ್ನು ನೀವೇ ಈಗಲೇ ಪರೀಕ್ಷಿಸಬಹುದು. ಈ ಪುಸ್ತಿಕೆಯನ್ನು ಮುಂದೆ ಹಿಡಿದು, ತಲೆಯನ್ನು ಅಲುಗಿಸದೆ, ಪುಸ್ತಿಕೆಯನ್ನೇ ಎಡಬಲಕ್ಕೆ ಬೇಗಬೇಗನೆ ಅಲ್ಲಾಡಿಸಿ ಓದಲು ನೋಡಿ. ಅಕ್ಷರಗಳು ಕಲಸಿಹೋಗುತ್ತವೆ. ಈಗ ಪುಸ್ತಿಕೆಯನ್ನು ಸ್ಥಿರವಾಗಿ ಹಿಡಿದು, ‘ಇಲ್ಲ, ಇಲ್ಲ’ ಎನ್ನುವಾಗ ಮಾಡುವಂತೆ ತಲೆಯನ್ನು ಅಷ್ಟೇ ವೇಗದಲ್ಲಿ ಆಡಿಸಿ. ಅಕ್ಷರಗಳನ್ನು ಓದಬಲ್ಲಿರಿ! ತಲೆ ಬಲಕ್ಕೆ ತಿರುಗಿದೊಡನೆ ಬಲಗಿವಿಯ ತಂತುವು ಮಿದುಳಿನ ಕಾಂಡದ ಕೋಶವನ್ನು ಎಬ್ಬಿಸುತ್ತದೆ. ಆ ಕೋಶವು ಕಣ್ಣಿನ ಸ್ನಾಯುಗಳ ನರಕೋಶವನ್ನು ಎಬ್ಬಿಸುತ್ತದೆ. ಎರಡೂ ಕಣ್ಣುಗಳು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ ಹೊರಳುತ್ತವೆ. ಕಿವಿಯಿಂದ ಕಣ್ಣಿನವರೆಗೆ ಕೇವಲ ಮೂರು ನರಕೋಶಗಳ ಸರಪಳಿ. ಇದನ್ನು ಲೊರೆಂಟೆ ಡಿ ನೊ ಎಂಬ ಸ್ಪೇನ್ ಮೂಲದ ವಿಜ್ಞಾನಿ 1933ರಲ್ಲಿ ವಿವರಿಸಿದನು. ಇಡೀ ಕಾರ್ಯಕ್ಕೆ ಸೆಕೆಂಡಿನ ನೂರರಲ್ಲಿ ಒಂದು ಪಾಲಿನಷ್ಟು ಕಾಲವೂ ಬೇಡ. ತಲೆಯ ಮೇಲೆ ಬಿಂದಿಗೆಯನ್ನಿಟ್ಟು ಕಲ್ಲುದಾರಿಯಲ್ಲಿ ನಡೆದುಬರುವ ಹೆಂಗಸಿಗೆ ಎದುರಿನ ದಾರಿ ಕುಣಿದಂತೆ ಕಾಣದಿರುವುದು ಇದರಿಂದಲೇ.

ಎರಡು ಕಿವಿಗಳ ನರಗಳನ್ನು ಒಂದೇ ನೊಗಕ್ಕೆ ಹೂಡಿದ ಜೋಡೆತ್ತುಗಳೆಂದು ಭಾವಿಸಿ. ಎರಡೂ ಸಮನಾಗಿ ಎಳೆಯುತ್ತಿದ್ದರೆ ಗಾಡಿ ನೇರವಾಗಿ ಹೋಗುತ್ತದೆ. ಒಂದು ಎತ್ತು ಕುಸಿದರೆ, ಇನ್ನೊಂದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದರೂ, ಗಾಡಿ ಕುಸಿದ ಎತ್ತಿನ ಕಡೆಗೆ ತಿರುಗಿಬಿಡುತ್ತದೆ. ವೈರಸ್ ಸೋಂಕು ಮೊದಲಾದ ಕಾರಣಗಳಿಂದ ಒಂದು ಕಡೆಯ ನರ ಊದಿಕೊಂಡಾಗ ನಡೆಯುವುದು ಇದೇ. ಕಾಂಡದ ಎರಡು ಬದಿಯ ಕೋಶಗಳು ಪರಸ್ಪರ ತಡೆಯುವ ತಂತುಗಳಿಂದ ಕೂಡಿಕೊಂಡಿರುವುದರಿಂದ, ಆರೋಗ್ಯವಾಗಿರುವ ಬದಿಯು ಸೋತ ಬದಿಯನ್ನು ಇನ್ನಷ್ಟು ಅಡಗಿಸುತ್ತದೆ. ಕಣ್ಣಾಲಿಗಳು ಒಂದು ಕಡೆಗೆ ಮೆಲ್ಲಗೆ ಜಾರಿ, ಥಟ್ಟನೆ ಹಿಂದಕ್ಕೆ ಎಗರುತ್ತಿರುತ್ತವೆ. ರೋಗಿಗೆ ಲೋಕವೆಲ್ಲ ತಿರುಗುತ್ತದೆ, ನಿಲ್ಲಲಾಗುವುದಿಲ್ಲ, ವಾಂತಿ ನಿಲ್ಲುವುದಿಲ್ಲ.

ಆದರೆ ಪ್ರಕೃತಿಯ ಒಂದು ಉಪಕಾರವೂ ಇಲ್ಲಿಯೇ ಇದೆ. ಕಿವಿಯ ಸುದ್ದಿ ನಿಂತುಹೋಗಿದ್ದರೂ, ಆ ಬದಿಯ ಕಾಂಡದ ಕೋಶಗಳು ದಿನಗಳು ವಾರಗಳು ಕಳೆದಂತೆ ತಾವಾಗಿಯೇ ಮಿಡಿಯಲು ಮತ್ತೆ ಕಲಿಯುತ್ತವೆ. ಕಣ್ಣು, ಕುತ್ತಿಗೆ, ಪಾದಗಳ ಸುದ್ದಿಯನ್ನು ಹೆಚ್ಚಾಗಿ ಆಶ್ರಯಿಸುತ್ತವೆ. ಈ ಕಲಿಕೆಗೆ ಚಲನೆ ಬೇಕು. ನಮ್ಮ ಜನರು ತಪ್ಪುವುದು ಇಲ್ಲಿಯೇ. ಪ್ರೀತಿಯಿಂದಲೇ ಆದರೂ ರೋಗಿಯನ್ನು ತಿಂಗಳುಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಮಲಗಿಸುತ್ತಾರೆ. ಅಂಗಡಿಯಿಂದ ತಲೆಸುತ್ತಿನ ಮಾತ್ರೆಯನ್ನು ತಂದು ತಂದು ನುಂಗಿಸುತ್ತಾರೆ. ಮೊದಲ ಎರಡು ಮೂರು ದಿನಗಳು ವಿಶ್ರಾಂತಿಯೂ, ವೈದ್ಯರು ಕೊಟ್ಟ ಮಾತ್ರೆಯೂ ಬೇಕಾಗಬಹುದು. ಆಮೇಲೆ ಎಬ್ಬಿಸಿ ಕೂರಿಸಿ, ಗೋಡೆ ಹಿಡಿಸಿ ನಡೆಸಿ, ತಲೆಯನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಲು ಹೇಳಿ. ಸ್ವಲ್ಪ ತಲೆ ತಿರುಗಿದರೂ ಅದು ಕಲಿಕೆಯ ಲಕ್ಷಣವೇ. ಮಾತ್ರೆಯನ್ನು ವಾರಗಟ್ಟಲೆ ಮುಂದುವರಿಸಿದರೆ ಕೋಶಗಳು ತೂಕಡಿಸುತ್ತವೆ, ಪಾಠ ಮುಂದೆ ಹೋಗುವುದಿಲ್ಲ.

ಕಿವಿಗೆ ಕಾದ ಎಣ್ಣೆ, ಬೆಳ್ಳುಳ್ಳಿಯ ರಸ, ತಣ್ಣೀರು ಇವುಗಳನ್ನು ಸುರಿಯುವ ಅಭ್ಯಾಸವು ನಮ್ಮಲ್ಲಿ ಇನ್ನೂ ಹೋಗಿಲ್ಲ. ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಕಿವಿಯ ವೈದ್ಯ ರಾಬರ್ಟ್ ಬಾರಾನಿಯು ರೋಗಿಗಳ ಕಿವಿಯನ್ನು ನೀರಿನಿಂದ ತೊಳೆಯುವಾಗ, ನೀರು ತೀರ ತಣ್ಣಗಿದ್ದರೂ ತೀರ ಬಿಸಿಯಾಗಿದ್ದರೂ ಅವರಿಗೆ ತಲೆ ತಿರುಗುವುದನ್ನು ಗಮನಿಸಿದನು. ತಣ್ಣೀರಿಗೆ ಕಣ್ಣಾಲಿಗಳು ಒಂದು ದಿಕ್ಕಿಗೆ ಎಗರಿದರೆ ಬಿಸಿನೀರಿಗೆ ಎದುರು ದಿಕ್ಕಿಗೆ ಎಗರುತ್ತಿದ್ದವು. ಶಾಖದ ವ್ಯತ್ಯಾಸದಿಂದ ನಾಳದ ದ್ರವವು ಹರಿಯತೊಡಗಿ, ತಲೆ ತಿರುಗಿದೆಯೆಂಬ ಸುಳ್ಳು ಸುದ್ದಿಯು ಕಾಂಡಕ್ಕೆ ಹೋಗುತ್ತದೆಂದು ಆತನು ತರ್ಕಿಸಿದನು. ಆತನಿಗೆ 1914ನೆಯ ಸಾಲಿನ ನೊಬೆಲ್ ಪ್ರಶಸ್ತಿ ಸಂದ ಸುದ್ದಿ ಬಂದಾಗ ಆತನು ರಷ್ಯಾದಲ್ಲಿ ಯುದ್ಧಕೈದಿಯಾಗಿದ್ದನು. ಇಂದಿಗೂ ವೈದ್ಯರು ಹದವಾದ ನೀರನ್ನು ಬಳಸಿ ಒಂದೊಂದು ಕಡೆಯ ನರವನ್ನು ಈ ಕ್ರಮದಿಂದ ಪರೀಕ್ಷಿಸುತ್ತಾರೆ. ವೈದ್ಯರು ಮಾಡಿದರೆ ಪರೀಕ್ಷೆ. ತಮಟೆ ತೂತಾಗಿ ಕೀವು ಸೋರುವ ಮಗುವಿನ ಕಿವಿಗೆ ಮನೆಯಲ್ಲಿ ಸುರಿದರೆ ಅಪಾಯ. ಬಹುಕಾಲ ಸೋರುವ ಕಿವಿಯ ರೋಗವು ಕೆಲವರಲ್ಲಿ ಎಲುಬನ್ನೇ ಕೊರೆದು ಸಮತೋಲನದ ನಾಳದವರೆಗೆ ಮುಟ್ಟುತ್ತದೆ. ಸೋರುವ ಕಿವಿಯ ಮಗುವಿಗೆ ತಲೆ ತಿರುಗತೊಡಗಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಅತ್ತೆಯವರ ವಿಷಯಕ್ಕೆ ಮರಳೋಣ. ಅವರಿಗೆ ಸುತ್ತು ಬರುವುದು ಮಗ್ಗುಲು ಹೊರಳಿದಾಗ, ಅಟ್ಟದ ಮೇಲಿನದನ್ನು ತೆಗೆಯಲು ತಲೆ ಎತ್ತಿದಾಗ. ಒಂದು ನಿಮಿಷದೊಳಗೆ ಅಡಗುತ್ತದೆ. ಕಿವಿ ಚೆನ್ನಾಗಿಯೇ ಕೇಳುತ್ತದೆ. ವಯಸ್ಸಾದವರಲ್ಲಿ, ಅದರಲ್ಲಿಯೂ ಹೆಂಗಸರಲ್ಲಿ, ಇದು ಬಹಳ ಸಾಮಾನ್ಯ. ಚೀಲದ ಸುಣ್ಣದ ಹರಳುಗಳು ಸಡಿಲಗೊಂಡು ನಾಳದೊಳಕ್ಕೆ ಬಿದ್ದಿರುತ್ತವೆ; ತಲೆ ಹೊರಳಿದಾಗ ಅವು ಉರುಳಿ ದ್ರವವನ್ನು ಕಲಕುತ್ತವೆ. ನರವೂ ಸರಿಯಿದೆ, ಮಿದುಳಿನ ಕಾಂಡವೂ ಸರಿಯಿದೆ. ಬಂದ ಸುದ್ದಿ ಮಾತ್ರ ಸುಳ್ಳು. ಇದಕ್ಕೆ ಮಾತ್ರೆಯಾಗಲಿ ಸೂಜಿಮದ್ದಾಗಲಿ ಹೆಚ್ಚು ಪ್ರಯೋಜನಕಾರಿಯಲ್ಲ. ರೋಗಿಯನ್ನು ಮಲಗಿಸಿ, ತಲೆಯನ್ನು ಕ್ರಮವಾಗಿ ಒಂದೊಂದು ಕಡೆಗೆ ತಿರುಗಿಸುತ್ತ ಹರಳುಗಳನ್ನು ಮತ್ತೆ ಚೀಲಕ್ಕೆ ಉರುಳಿಸುವ ಒಂದು ವಿಧಾನವನ್ನು ಅಮೆರಿಕದ ಜಾನ್ ಎಪ್ಲಿ ಎಂಬ ವೈದ್ಯನು ರೂಪಿಸಿ 1992ರಲ್ಲಿ ಪ್ರಕಟಿಸಿದನು. ಕೆಲವೇ ನಿಮಿಷಗಳ ಕೆಲಸ. ಬಹುಮಂದಿಗೆ ಒಂದೆರಡು ಸಲದಲ್ಲಿಯೇ ಗುಣವಾಗುತ್ತದೆ. ಯಾವ ಕಿವಿ, ಯಾವ ನಾಳ ಎಂಬುದನ್ನು ವೈದ್ಯರು ಪರೀಕ್ಷಿಸಿಯೇ ಮಾಡತಕ್ಕದ್ದು. ಕಿವಿ ಮೂಗು ಗಂಟಲಿನ ವೈದ್ಯರಿರುವ ಆಸ್ಪತ್ರೆಗೆ ಒಂದು ದಿನದ ಕೂಲಿ ಬಿಟ್ಟು ಹೋಗಿಬರುವುದು, ವರ್ಷವಿಡೀ ಪಿತ್ತದ ಔಷಧಕ್ಕೆ ಹಣ ಸುರಿಯುವುದಕ್ಕಿಂತ ಅಗ್ಗ.

ಕೆಲವು ಔಷಧಗಳು ರೋಮಕೋಶಗಳನ್ನೇ ಕೊಲ್ಲಬಲ್ಲವು. 1943ರಲ್ಲಿ ಕಂಡುಹಿಡಿಯಲಾದ ಸ್ಟ್ರೆಪ್ಟೊಮೈಸಿನ್ ಕ್ಷಯರೋಗದಿಂದ ಲೆಕ್ಕವಿಲ್ಲದಷ್ಟು ಜನರನ್ನು ಉಳಿಸಿತು. ಅದರೊಡನೆಯೇ ಎಷ್ಟೋ ಜನರ ಸಮತೋಲನವನ್ನು ಕಿತ್ತುಕೊಂಡಿತು. ಇಂದು ಕ್ಷಯದ ಸಾಮಾನ್ಯ ಚಿಕಿತ್ಸೆಯು ಬಾಯಿಯ ಮೂಲಕ ಕೊಡುವ ಮಾತ್ರೆಗಳಿಂದಲೇ ನಡೆಯುತ್ತದೆ. ಅದೇ ಬಳಗದ ಜೆಂಟಾಮೈಸಿನ್ ಈಗಲೂ ಬಳಕೆಯಲ್ಲಿದೆ. ನಂಜೇರಿದ ನವಜಾತ ಶಿಶುವಿಗೆ ಆಸ್ಪತ್ರೆಯಲ್ಲಿ ಅದನ್ನು ಕೊಟ್ಟರೆ ಹೆದರಬೇಡಿ, ಅದು ಜೀವ ಉಳಿಸುವ ಮದ್ದು. ಆದರೆ ಸಣ್ಣಪುಟ್ಟ ಜ್ವರಕ್ಕೆಲ್ಲ ‘ಒಂದು ಸೂಜಿ ಹಾಕಿಬಿಡಿ’ ಎಂದು ಕೇಳುವ ಚಾಳಿಯನ್ನು ಬಿಡಿ. ಗರ್ಭಿಣಿಯಾದವಳು ಯಾವುದೇ ಸೂಜಿಮದ್ದಿಗೆ ಮುನ್ನ ತಾನು ಗರ್ಭಿಣಿಯೆಂದು ವೈದ್ಯರಿಗೆ ತಿಳಿಸಲೇಬೇಕು. ಸ್ಟ್ರೆಪ್ಟೊಮೈಸಿನ್ ಹೊಟ್ಟೆಯಲ್ಲಿರುವ ಮಗುವಿನ ಕಿವಿಯನ್ನೂ ಕೆಡಿಸಬಲ್ಲದು. ಮನುಷ್ಯನಲ್ಲಿ ಸತ್ತ ರೋಮಕೋಶಗಳು ಮೊದಲಿನಂತೆ ಮತ್ತೆ ಬೆಳೆಯುವುದಿಲ್ಲ. ಎರಡೂ ಕಡೆ ಹಾಳಾದವರಿಗೆ ಲೋಕ ತಿರುಗುವುದಿಲ್ಲ, ಏಕೆಂದರೆ ಎರಡೂ ಎತ್ತುಗಳು ಒಟ್ಟಿಗೇ ಕುಸಿದಿವೆ. ಹಗಲಿನಲ್ಲಿ ಹೇಗೋ ನಡೆಯುತ್ತಾರೆ, ಕತ್ತಲಾದೊಡನೆ ತೂರಾಡುತ್ತಾರೆ. ಅಂಥವರನ್ನು ಕುಡಿದವರೆಂದು ಹಳಿಯುವುದು ಅನ್ಯಾಯ. ಅವರು ಕೈಯಲ್ಲಿ ಕೋಲೂ ದೀಪವೂ ಇಲ್ಲದೆ ರಾತ್ರಿ ಹೊರಡಬಾರದು. ಬಾವಿ ಕೆರೆಗಳಲ್ಲಿ ಈಜಲೇಬಾರದು. ನೀರಿನಲ್ಲಿ ಮುಳುಗಿದಾಗ ಮೇಲು ಕೆಳಗು ತಿಳಿಯದೆ ಪ್ರಾಣ ಹೋದೀತು.

ಮಗುವಿನ ಮಾತು. ಸಮತೋಲನದ ಅಂಗವು ಮಗು ಹುಟ್ಟುವ ಹೊತ್ತಿಗೇ ಪೂರ್ಣ ಗಾತ್ರಕ್ಕೆ ಬೆಳೆದಿರುತ್ತದೆ. ತೊಟ್ಟಿಲು ತೂಗಿದರೆ ಮಗು ಸುಮ್ಮನಾಗುವುದು ಈ ನರವು ಆಗಲೇ ಕೆಲಸಮಾಡುತ್ತಿರುವುದರ ಗುರುತು. ಮೂರು ನಾಲ್ಕು ತಿಂಗಳಿಗೆ ಕತ್ತು ನಿಲ್ಲಬೇಕು; ಎಂಟು ಒಂಬತ್ತು ತಿಂಗಳೊಳಗೆ ಆಸರೆಯಿಲ್ಲದೆ ಕೂರಬೇಕು; ಒಂದೂವರೆ ವರ್ಷದೊಳಗೆ ನಡೆಯಬೇಕು. ನಿಮ್ಮ ಮಗು ಇವುಗಳಲ್ಲಿ ಹಿಂದುಳಿದಿದ್ದು, ಶಬ್ದಕ್ಕೂ ತಿರುಗಿ ನೋಡದಿದ್ದರೆ, ‘ನಮ್ಮ ಮನೆತನದಲ್ಲಿ ಎಲ್ಲರೂ ತಡವಾಗಿಯೇ ನಡೆದವರು’ ಎಂದು ಸಮಾಧಾನಪಡಬೇಡಿ. ಕೇಳುವ ಅಂಗವೂ ಸಮತೋಲನದ ಅಂಗವೂ ಒಂದೇ ಗೂಡಿನಲ್ಲಿರುವುದರಿಂದ ಎರಡೂ ಒಟ್ಟಿಗೆ ಕೆಟ್ಟಿರಬಹುದು. ಅಷರ್ ಎಂಬ ಹೆಸರಿನ ಒಂದು ವಂಶವಾಹಿ ರೋಗವಿದೆ. ಅದರ ಮೊದಲ ಬಗೆಯಲ್ಲಿ ಮಗು ಹುಟ್ಟುಕಿವುಡಾಗಿರುತ್ತದೆ, ನಡೆಯುವುದು ತಡವಾಗುತ್ತದೆ, ಬೆಳೆಯುತ್ತ ಇರುಳುಗುರುಡೂ ಸೇರಿಕೊಳ್ಳುತ್ತದೆ. ದೋಷವುಳ್ಳ ವಂಶವಾಹಿಯು ತಂದೆಯಿಂದಲೂ ತಾಯಿಯಿಂದಲೂ ಬಂದಾಗ ಮಾತ್ರ ರೋಗ ತೋರುತ್ತದೆ. ಅಂಥ ತಂದೆತಾಯಿಗಳ ಪ್ರತಿಯೊಂದು ಹೆರಿಗೆಯಲ್ಲಿಯೂ ನಾಲ್ಕರಲ್ಲಿ ಒಂದು ಪಾಲಿನಷ್ಟು ಸಂಭವ ಇದ್ದೇ ಇರುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ಕಡೆಯ ರೂಢಿಯಲ್ಲಿ ಗಂಡಹೆಂಡಿರಿಬ್ಬರಲ್ಲಿಯೂ ಒಂದೇ ದೋಷವಿರುವ ಸಂಭವ ಹೆಚ್ಚು. ಈಗಾಗಲೇ ಅಂಥ ಸಂಬಂಧದಲ್ಲಿ ಮದುವೆಯಾಗಿರುವವರು ಒಬ್ಬರನ್ನೊಬ್ಬರು ದೂರಬೇಕಾದುದಿಲ್ಲ. ಮಗು ಹುಟ್ಟಿದ ಕೂಡಲೇ ಶ್ರವಣ ಪರೀಕ್ಷೆ ಮಾಡಿಸಿ. ಮೊದಲನೆಯ ಮಗುವಿಗೆ ತೊಂದರೆ ಕಂಡಿದ್ದರೆ ಮುಂದಿನ ಗರ್ಭಕ್ಕೆ ಮೊದಲೇ ವೈದ್ಯರ ಸಲಹೆ ಪಡೆಯಿರಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂತಹ ಮಕ್ಕಳ ಪರೀಕ್ಷೆಗೆ ವ್ಯವಸ್ಥೆಯಿದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹತ್ತಿರದ ಆಸ್ಪತ್ರೆಯ ದಾರಿ ತಿಳಿಯುತ್ತದೆ.

ಎಲ್ಲ ತಲೆಸುತ್ತೂ ಕಿವಿಯದಲ್ಲ ಎಂಬುದನ್ನು ಮರೆಯುವಂತಿಲ್ಲ. ಮಿದುಳಿನ ಕಾಂಡಕ್ಕೋ ಕಿರುಮಿದುಳಿಗೋ ಹೋಗುವ ರಕ್ತನಾಳವೇ ಕಟ್ಟಿಕೊಂಡರೂ ಲೋಕ ತಿರುಗುತ್ತದೆ. ಆಗ ಅದರ ಜೊತೆಗೆ ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಉಗುಳು ನುಂಗಲಾಗದಿರುವುದು, ಮುಖದ ಅಥವಾ ಮೈಯ ಒಂದು ಪಾರ್ಶ್ವ ಮರಗಟ್ಟುವುದು, ಕೈಕಾಲು ಸೋಲುವುದು, ಹಿಂದೆಂದೂ ಕಾಣದ ತಲೆನೋವು, ಇವುಗಳಲ್ಲಿ ಯಾವುದಾದರೂ ಒಂದು ಇದ್ದೀತು. ಕೆಲವೊಮ್ಮೆ ಇವಾವುವೂ ಇಲ್ಲದೆ, ಹಿಡಿದರೂ ನಿಲ್ಲಲಾಗದಿರುವುದೊಂದೇ ಲಕ್ಷಣವಾಗಿರುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆ ಇರುವವರಲ್ಲಿಯೂ ಬೀಡಿ ಸೇದುವವರಲ್ಲಿಯೂ ಈ ಸಂಶಯ ಹೆಚ್ಚಾಗಿರಬೇಕು. ಕಟ್ಟಿದ ರಕ್ತವನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಟ್ಟರೆ ಮಾತ್ರ ಫಲ. ಆದುದರಿಂದ ನಿಂಬೆಹಣ್ಣು ಮೂಸಿಸುತ್ತ ಕೂರದೆ 108ಕ್ಕೆ ಕರೆಮಾಡಿ. ಬಸುರಿಗೆ ತಲೆಸುತ್ತಿನೊಡನೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳಲ್ಲಿ ಊತ ಕಂಡರೂ ಅದೇ ತ್ವರೆ ಬೇಕು. ಅಲ್ಲಿ ಕಾಯಿಲೆ ಬೇರೆ, ರಕ್ತದೊತ್ತಡದ ಏರಿಕೆಯದು, ತಾಯಿ ಮಗು ಇಬ್ಬರಿಗೂ ಪ್ರಾಣಾಂತಿಕವಾಗಬಲ್ಲದು.

ವೈದ್ಯರ ಬಳಿಗೆ ಹೋದಾಗ ಬರಿದೇ ‘ತಲೆಸುತ್ತು’ ಎಂದು ಹೇಳಿ ಸುಮ್ಮನಾಗಬೇಡಿ. ಲೋಕ ತಿರುಗಿತೇ, ಕಣ್ಣು ಕತ್ತಲಿಟ್ಟಿತೇ. ಎಷ್ಟು ಹೊತ್ತು ಇತ್ತು. ಹೊರಳಿದಾಗ ಬಂದಿತೇ, ಸುಮ್ಮನಿದ್ದಾಗ ಬಂದಿತೇ. ಕಿವಿ ಮಂದವಾಯಿತೇ, ಮೊರೆಯಿತೇ. ಯಾವ ಯಾವ ಮಾತ್ರೆ, ಸೂಜಿಮದ್ದು ಆಗಿದೆ, ಇವನ್ನು ಹೇಳಿ. ಸುತ್ತು ಬಂದಾಗ ರೋಗಿಯ ಕಣ್ಣಾಲಿಗಳು ಎಗರುತ್ತಿದ್ದವೇ ಎಂಬುದನ್ನು ಪಕ್ಕದಲ್ಲಿದ್ದವರೇ ನೋಡಿರಬೇಕು. ರೋಗಿಗೆ ಅದು ತಿಳಿಯುವುದಿಲ್ಲ; ಗಂಡನಿಗೆ ಬಂದಾಗ ಹೆಂಡತಿಯೂ, ಹೆಂಡತಿಗೆ ಬಂದಾಗ ಗಂಡನೂ ಗಮನಿಸಿ ವೈದ್ಯರಿಗೆ ತಿಳಿಸಬೇಕು.